ಅತ್ತೆಯ ಹಲ್ಲಿನ ಸೆಟ್ಟಿಂಗ್

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ನನ್ನ ಹೆಂಡತಿ ಸುರೇಖಾ ಬಂದವರೆದುರು ಹೇಳುತ್ತಿರುತ್ತಾಳೆ. ಇದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿ ನನಗೆ ಒಂದೇ ಒಂದು ಇಂಗ್ಲಿಷ್ ಪದ ಬರುತ್ತದೆ. ಆದರೆ ಅದು ಎಷ್ಟು ಚೆನ್ನಾಗಿ ಬರುತ್ತದೆಂದರೆ, ಇಪ್ಪತ್ತಾರು ವರ್ಷಗಳಿಂದ ಆ ಪದದ ಮೇಲೆಯೇ ನಮ್ಮ ಮನೆಯ ಒಲೆ ಉರಿಯುತ್ತಿದೆ. ಆ ಪದ ‘ಸೆಟ್ಟಿಂಗ್’. ಕೊಲ್ಹಾಪುರದ ದಕ್ಷಿಣಕ್ಕಿರುವ ಗೋಕುಳ ಶಿರಗಾಂವದ ಗಾಡಿಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೆಟ್ಟರ್. ಅಲ್ಲಿ ಯಂತ್ರ ನಡೆಸುವವನು ಬೇರೆ, ಒರೆಸುವವನು ಬೇರೆ, ಅದರ ಮಾಲೀಕ ಬೇರೆ. ನನ್ನ ಕೆಲಸ ಇವರೆಲ್ಲರಿಗಿಂತ ಮೊದಲು. ಕಬ್ಬಿಣದ ತುಂಡನ್ನು ಎಲ್ಲಿ ಹಿಡಿಯಬೇಕು, ಅದನ್ನು ಕೊರೆಯುವ ಟೂಲು ಎಲ್ಲಿಂದ ಬಂದು ಎಲ್ಲಿ ನಿಲ್ಲಬೇಕು ಎಂಬುದನ್ನು ಕೂದಲೆಳೆಯ ಲೆಕ್ಕದಲ್ಲಿ ಹೊಂದಿಸಿ, ಮೊದಲ ಪೀಸು ತೆಗೆದು, ಅಳೆದು, ‘ಹೂಂ, ಚಾಲೂ ಮಾಡ್ರಿ’ ಎನ್ನುವುದು. ಹಾಗೆಂದ ಮೇಲೆ ಯಂತ್ರದ ಮೈಮೇಲೆ ಬಿಳಿ ಮಾರ್ಕರಿನಲ್ಲಿ ಒಂದು ಗೆರೆ ಎಳೆದು ಬರುತ್ತೇನೆ. ಆ ಗೆರೆಯನ್ನು ದಾಟಿ ಯಾರೂ ಕೈ ಹಾಕುವಂತಿಲ್ಲ. ಒಮ್ಮೆ ಮಾಲೀಕರೇ ಉತ್ಸಾಹದಿಂದ ಕೈ ಚಾಚಿದಾಗ ನಾನು ಅವರ ಮುಖವನ್ನು ಒಂದು ಕ್ಷಣ ನೋಡಿದೆ; ಅವರು ಚಾಚಿದ ಕೈಯಿಂದ ಮೂಗು ತುರಿಸಿಕೊಂಡು ಹೋದರು. ಇಷ್ಟೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೇನೆ. ಈ ಹೆಮ್ಮೆಗೆ ಕೊನೆಯಲ್ಲಿ ಏನಾಯಿತೆಂಬುದು ತಿಳಿದಾಗ ನೀವು ನನ್ನನ್ನು ಮನ್ನಿಸುತ್ತೀರಿ ಎಂಬ ಭರವಸೆಯಿದೆ.

ಈ ಪದವನ್ನು ನಮ್ಮ ಸೀಮೆಗೆ ಯಾರು ತಂದರೋ ತಿಳಿಯದು. ತಂದವರು ಒಂದೋ ಎರಡೋ ಅರ್ಥ ತಂದಿರಬೇಕು. ನಾವು ಅವನ್ನು ಕುರಿಗಳ ಹಾಗೆ ಮೇಯಿಸಿ ಹಿಂಡು ಮಾಡಿದ್ದೇವೆ. ಬೆಳಿಗ್ಗೆ ಏಳುವಾಗ ಫೋನಿನ ಸೆಟ್ಟಿಂಗ್ ಕೆಟ್ಟು ಅಲಾರಾಂ ಹೊಡೆದಿರುವುದಿಲ್ಲ. ಅಡುಗೆಮನೆಯಲ್ಲಿ ಮೊಸರು ಸೆಟ್ ಆಗಿರುವುದಿಲ್ಲ. ಕ್ಷೌರದಂಗಡಿಯವನು ಗಲ್ಲ ಹಿಡಿದೆತ್ತಿ, ‘ದಾಡಿ ಪೂರಾ ತಗೀಲೋ, ಸೆಟ್ಟಿಂಗ್ ಮಾಡ್ಲೋ?’ ಎಂದು ಕೇಳುತ್ತಾನೆ. ರಂಕಾಳಾ ಕೆರೆಯ ಕಟ್ಟೆಯ ಮೇಲೆ ಭೇಳ್ ತಿನ್ನುತ್ತ ಕುಳಿತ ಹುಡುಗ ಹುಡುಗಿಯನ್ನು ನೋಡಿದವರು ‘ಸೆಟ್ಟಿಂಗ್’ ಎಂದು ಕಣ್ಣು ಮಿಟುಕಿಸುತ್ತಾರೆ; ಅದೇ ಜೋಡಿಯ ಹಿರಿಯರು ಒಪ್ಪಿ ಎಲೆ ಅಡಿಕೆ ಬದಲಾಯಿಸಿಕೊಂಡರೆ ‘ಸೆಟ್ ಆತು’ ಎಂದು ಅದೇ ಜನ ಪೇಢೆ ತಿನ್ನುತ್ತಾರೆ. ಬೇಡಿದ ಊರಿಗೆ ವರ್ಗ ಮಾಡಿಸಿಕೊಂಡ ಮಾಸ್ತರರಿಗೆ ‘ಮ್ಯಾಲ ಸೆಟ್ಟಿಂಗ್’ ಇರುತ್ತದೆ. ಇನ್ನು ಕುಸ್ತಿಯ ಮಾತಂತೂ ಬೇಡವೇ ಬೇಡ. ಕೊಲ್ಹಾಪುರದ ಅಖಾಡದಲ್ಲಿ ನಾನು ಇಷ್ಟು ವರ್ಷ ಕುಸ್ತಿ ನೋಡಿದ್ದೇನೆ, ಒಬ್ಬನಾದರೂ ಸೋತದ್ದನ್ನು ಕಂಡಿಲ್ಲ. ಗೆದ್ದವನ ತಾಲೀಮಿನವರು ‘ಪಟ್ಟು’ ಎಂದದ್ದನ್ನು ಬಿದ್ದವನ ತಾಲೀಮಿನವರು ‘ಸೆಟ್ಟಿಂಗ್’ ಎನ್ನುತ್ತಾರೆ, ಮತ್ತು ಇಬ್ಬರೂ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಒಂದು ಪದ ಇಷ್ಟು ಜನರ ಮಾನ ಕಾಪಾಡುವುದು ಸಣ್ಣ ಮಾತಲ್ಲ.

ನಿಪ್ಪಾಣಿಯಲ್ಲಿ ಕನ್ನಡ ಮಾಸ್ತರರಾಗಿದ್ದ ನನ್ನ ದೊಡ್ಡಪ್ಪನಿಗೆ ಈ ಪದ ಕೇಳಿದರೆ ಮೈ ಉರಿಯುತ್ತಿತ್ತು. “ಹೊಂದಿಸೂದು, ಜೋಡಿಸೂದು, ಹದಾ ಮಾಡೂದು, ಕುಂಡ್ರಿಸೂದು. ಇಷ್ಟ ಪದಾ ನಮ್ಮ ಮನ್ಯಾಗ ಅದಾವು, ನೀ ಮತ್ತೊಬ್ಬರ ಮನ್ಯಾಗ ಕಡಾ ಕೇಳಾಕ ಹೊಂಟಿ!” ಎಂದು ಗದರಿದ್ದರು. ನಾಚಿಕೆಯಾಗಿ ಮರುದಿನ ಕಾರ್ಖಾನೆಯಲ್ಲಿ ಒಂದು ಪಾಳಿ ಪೂರ್ತಿ ಸೆಟ್ಟಿಂಗ್ ಎನ್ನದೆ ‘ಹೊಂದಿಕೆ’ ಎಂದೆ. ಮಧ್ಯಾಹ್ನದ ಚಹಾದ ಹೊತ್ತಿಗೆ ಯಂತ್ರ ನಡೆಸುವವನೊಬ್ಬ ಹತ್ತಿರ ಬಂದು, ದನಿ ತಗ್ಗಿಸಿ, “ಮನ್ಯಾಗ ವೈನಿ ಜೋಡಿ ಏನರ ಆಗೇತೇನ್ರಿ?” ಎಂದು ಸುರೇಖಾಳ ಬಗ್ಗೆ ವಿಚಾರಿಸಿದ. ಅಂದಿನಿಂದ ದೊಡ್ಡಪ್ಪನಿಗೆ ಕೈಮುಗಿದು ನನ್ನ ಪದಕ್ಕೆ ಮರಳಿದೆ. ಇದು ಅದೇ ದಿನ ನಡೆಯಿತೋ ಅಥವಾ ಬೇರೆ ಬೇರೆ ದಿನಗಳ ಎರಡು ತುಂಡನ್ನು ನಾನೇ ಬೆಸುಗೆ ಹಾಕಿದ್ದೇನೋ, ಆಣೆ ಮಾಡಿ ಹೇಳಲಾರೆ. ನೆನಪು ಎಂಬುದು ಗೆರೆ ಎಳೆಯದೆ ಬಿಟ್ಟ ಯಂತ್ರ. ಯಾರು ಯಾವಾಗ ಕೈ ಹಾಕಿದರೋ ಗೊತ್ತಾಗುವುದೇ ಇಲ್ಲ. ಈ ಮಾತನ್ನು ಸ್ವಲ್ಪ ಜ್ಞಾಪಕದಲ್ಲಿಡಿ. ಮುಂದೆ ಒಂದು ಕಬ್ಬು ಬರಲಿದೆ.

ನಮ್ಮ ಮನೆಯ ಕಷ್ಟ ಶುರುವಾದದ್ದು ರೊಟ್ಟಿಯಿಂದ. ನನ್ನ ಅತ್ತೆ ಗೌರವ್ವನವರು ಇರುವುದು ಗಡಹಿಂಗ್ಲಜದಲ್ಲಿ, ಹಿರಿಯ ಮಗ ಸೊಸೆ ಮೊಮ್ಮಕ್ಕಳು ತುಂಬಿದ ಮನೆಯಲ್ಲಿ. ಮಹಾಗಾಂವದ ತಮ್ಮ ಹೊಲದಿಂದ ಬಂದ ಸಜ್ಜೆಯನ್ನು ಬೀಸಿಸಿ, ಎಳ್ಳು ಹಚ್ಚಿ, ಕಾಗದದಂತೆ ತೆಳ್ಳಗೆ ಬಡಿದು, ಕೆಂಡದೆದುರು ನಿಲ್ಲಿಸಿ ಒಣಗಿಸಿದ ಅವರ ಕಡಕ್ ರೊಟ್ಟಿ ಪ್ರತಿ ವರ್ಷ ಸಂಕ್ರಾಂತಿಯ ಹಿಂದಿನ ದಿನ, ಅಂದರೆ ಭೋಗಿಗೆ, ಬಿಳಿ ಧೋತರದಲ್ಲಿ ಕಟ್ಟಿಸಿಕೊಂಡು ಕೊಲ್ಹಾಪುರದ ನಮ್ಮ ಮನೆಗೆ ಬರುತ್ತಿತ್ತು. ಅತ್ತೆಗೆ ಒಂದು ಕಟ್ಟಳೆ: ಪ್ರತಿ ದಿನದ ಒಲೆಯಿಂದ ಮೊದಲು ಇಳಿದ ರೊಟ್ಟಿಯನ್ನು ತಾವೇ ಮುರಿದು, ಕಡಿದು, ಹಲ್ಲಿನ ಕೆಳಗೆ ಅದು ಆಡುವ ಮಾತು ಕೇಳಿ ಒಪ್ಪಿದ ಮೇಲೆಯೇ ಉಳಿದದ್ದನ್ನು ಕಟ್ಟುವುದು. ಕಾರ್ಖಾನೆಯ ಭಾಷೆಯಲ್ಲಿ ಅದು ಮೊದಲ ಪೀಸಿನ ತಪಾಸಣೆ. ಹಲ್ಲು ಒಂದೊಂದೇ ಬೀಳುತ್ತ ಬಂದು ಕೊನೆಯದೂ ಹೋದ ವರ್ಷ ಭೋಗಿಗೆ ಗಂಟು ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಸೊಸೆ ಮಾಡಿಕೊಡುತ್ತೇನೆಂದರೆ ಅತ್ತೆ ಕೇಳರು.

“ನಾ ತಿಂದ ನೋಡಲಾರದ್ದ ಮಂದಿ ಮನಿಗಿ ಹೆಂಗ ಕಳಸ್ಲಿ?” ಎಂದು ಸುರೇಖಾಳಿಗೆ ಫೋನಿನಲ್ಲಿ ಹೇಳಿದರಂತೆ.

“ಮಂದಿ ಅಲ್ಲ ಯವ್ವಾ, ನಾ ನಿನ ಮಗಳು!”

“ನೀ ಮಗಳ ಹೌದು. ತಿನ್ನಾವ್ರು ಅಳಿಯಂದ್ರು.”

ಅತ್ತೆ ಗಂಜಿ ಕುಡಿಯುತ್ತಿದ್ದರು, ಸಾರಿನಲ್ಲಿ ನೆನೆಸಿದ ಚಪಾತಿ ನುಂಗುತ್ತಿದ್ದರು, ಮದುವೆ ಮುಂಜಿಗಳ ಪಂಕ್ತಿಗೆ ಹೋಗುವುದನ್ನೇ ಬಿಟ್ಟಿದ್ದರು. ಸುರೇಖಾ ಎರಡು ಹೊತ್ತು ಇದನ್ನೇ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೂ ದುಃಖವೇ. ಆದರೆ ನನ್ನ ದುಃಖದಲ್ಲಿ ಎಳ್ಳಿನ ವಾಸನೆ ಸ್ವಲ್ಪ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳಲೇಬೇಕು. ದಸರೆಗೆ ಅತ್ತೆಯ ಮನೆಗೆ ಹೋದಾಗ, ಎಲ್ಲರೂ ಬನ್ನಿ ಕೊಟ್ಟು ಕುಳಿತಿದ್ದ ಹೊತ್ತಿನಲ್ಲಿ, ನಾನು ಎದೆ ಉಬ್ಬಿಸಿ ಘೋಷಿಸಿದೆ: “ಈ ಭೋಗಿಗೆ ಅತ್ತಿಯವ್ರು ಕಡಕ್ ರೊಟ್ಟಿ ಕಡೀತಾರ. ಹಲ್ಲಿನ ಸೆಟ್ ಮಾಡಿಸೂದು, ಸೆಟ್ಟಿಂಗ್ ನೋಡೂದು, ಎಲ್ಲಾ ನನ್ನ ಕಡೆ.” ಅತ್ತೆ ಒಳಮನೆಯ ಬಾಗಿಲ ಸಂದಿಯಲ್ಲಿ ಸೆರಗಿನೊಳಗೇ ಏನೋ ಅಂದರು. ಸುರೇಖಾ ಅದನ್ನು ಹೊರಗೆ ತಂದಳು: “ಯಾಕ ಇಲ್ಲದ ಉಸಾಬರಿ ಅನ್ನಾಕತ್ತಾಳ.” ನಾನು ನಕ್ಕೆ. “ಮದಿವಿ ವರ್ಷ ನಿಮ್ಮ ಹೊಲದಾಗ ಅತ್ತಿಯವ್ರು ಕಬ್ಬು ಸಿಗದ ತಿಂದದ್ದ ನಾ ಕಣ್ಣಾರೆ ನೋಡೇನಿ. ಅಂಥಾ ಹಲ್ಲು ಮತ್ತ ತರತೇನಿ,” ಎಂದೆ. ಆ ಚಿತ್ರ ನನ್ನ ಕಣ್ಣೆದುರು ಇವತ್ತಿಗೂ ಸ್ಪಷ್ಟವಾಗಿದೆ. ಹಸಿರು ಸೀರೆ, ಬದುವಿನ ಮೇಲೆ ಕುಕ್ಕರಗಾಲು, ಹಲ್ಲಿನಿಂದ ಸರ್ರೆಂದು ಸೀಳಿ ಬಂದ ಕಬ್ಬಿನ ಸಿಪ್ಪೆ. ಸುರೇಖಾ ನನ್ನನ್ನು ವಿಚಿತ್ರವಾಗಿ ನೋಡಿದಳು. ಹಬ್ಬದ ಗದ್ದಲದಲ್ಲಿ ಏನೂ ಹೇಳಲಿಲ್ಲ.

ಕೊಲ್ಹಾಪುರದ ನಮ್ಮ ಓಣಿಯ ತುದಿಯಲ್ಲಿ ಒಬ್ಬ ದಂತವೈದ್ಯೆ ಇದ್ದಾರೆ. ಸಣ್ಣ ವಯಸ್ಸು, ಮೆಲು ಮಾತು, ಮರಾಠಿಯವರು. ಅತ್ತೆಯನ್ನು ಕರೆಸಿಕೊಂಡು ಅವರಲ್ಲಿಗೆ ಹೋದೆವು. ಮೊದಲ ದಿನ ಒಸಡಿನ ಅಚ್ಚು ತೆಗೆದರು. ಗೋಕುಳ ಶಿರಗಾಂವದ ಫೌಂಡ್ರಿಗಳಲ್ಲಿ ಮರಳಿನಲ್ಲಿ ಅಚ್ಚು ತೆಗೆಯುವುದನ್ನು ದಿನಾ ನೋಡುವ ನನಗೆ ಪಕ್ಕನೆ ಆತ್ಮೀಯತೆ ಹುಟ್ಟಿತು. ಎರಡನೆಯ ಭೇಟಿಯಲ್ಲಿ ಮೇಣದ ಪಟ್ಟಿಯ ಮೇಲೆ ಕಚ್ಚಿಸಿ, ಮೇಲಿನ ದವಡೆ ಕೆಳಗಿನದರ ಮೇಲೆ ಎಲ್ಲಿ ಕೂರುತ್ತದೆಂದು ಗುರುತು ಮಾಡಿಕೊಂಡರು. ಸೆಟ್ಟಿಂಗ್ ಎಂದರೆ ಇದೇ. ನಾನು ಕುರ್ಚಿಯ ಪಕ್ಕದಲ್ಲೇ ಕೈಯಲ್ಲಿ ಟಾರ್ಚು ಹಿಡಿದು ನಿಂತಿದ್ದೆ. ಜೇಬಿನಲ್ಲಿ ಸಂದು ಅಳೆಯುವ ತೆಳುಪಟ್ಟಿಗಳ ಗೇಜೂ ಇತ್ತು. ಡಾಕ್ಟರಮ್ಮ ಅದನ್ನು ನೋಡಿ ನಯವಾಗಿ ಜೇಬಿಗೇ ವಾಪಸು ಹಾಕಿಸಿದರು. ಹಲ್ಲು ತಯಾರಾಗಿ ಬಂದ ದಿನ ಅತ್ತೆಯ ಬಾಯಲ್ಲಿ ಕೂರಿಸಿ, ನಡುವೆ ನೀಲಿ ಕಾಗದದ ತುಂಡಿಟ್ಟು, “ಆಜೀ, ಚಾವಾ ಬಘೂ,” ಎಂದರು, ಅಂದರೆ ಕಚ್ಚಿ ನೋಡಿ ಅಂತ. ಅಡ್ಡ ಬಂದ ಕಡೆ ನೀಲಿ ಗುರುತು ಬೀಳುತ್ತದೆ, ಅಲ್ಲಿ ಉಜ್ಜಿ ತೆಗೆಯುತ್ತಾರೆ. ನಾನು ಹೆಚ್ಚೂಕಡಿಮೆ ಕುಣಿದೆ. ನಮ್ಮಲ್ಲೂ ಎರಡು ಕಬ್ಬಿಣದ ಮುಖಗಳು ಸರಿಯಾಗಿ ಕೂಡುತ್ತವೆಯೇ ನೋಡಲು ಒಂದಕ್ಕೆ ನೀಲಿ ಬಳಿದು ಇನ್ನೊಂದನ್ನು ಒತ್ತುತ್ತೇವೆ! “ಡಾಕ್ಟರ್, ಇದು ನಮ್ಮದೇ ಕೆಲಸ!” ಎಂದು ನಾನು ಟಾರ್ಚನ್ನು ಇನ್ನೂ ಹತ್ತಿರ ಒಯ್ದೆ. ಅತ್ತೆ ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಂಡು ಕಚ್ಚಿದರು. ಮುಂದಿನ ಹಲ್ಲುಗಳ ಮೇಲೆ ಸಾಸಿವೆಯಷ್ಟು ಎರಡು ನೀಲಿ ಚುಕ್ಕೆ ಬಿದ್ದವು. ಅಷ್ಟೇ. “ಕಸಂ ವಾಟತಂಯ, ಆಜೀ?” ಹೇಗನ್ನಿಸುತ್ತದೆ ಎಂದು ಕೇಳಿದರೆ ಅತ್ತೆ, “ಬರಂ ಹಾಯ್,” ಎಂದರು. ಚೆನ್ನಾಗಿದೆ.

ಇಲ್ಲಿ ಅತ್ತೆಯ ಭಾಷೆಗಳ ಬಗ್ಗೆ ಒಂದು ಮಾತು. ಗಡಹಿಂಗ್ಲಜದ ಅವರ ತಲೆಮಾರಿನ ಎಲ್ಲರ ಹಾಗೆ ಅವರಿಗೆ ಕನ್ನಡ ಮರಾಠಿ ಎರಡೂ ನೀರು ಕುಡಿದಷ್ಟು ಸಲೀಸು. ಆದರೆ ಎರಡಕ್ಕೂ ಬೇರೆ ಬೇರೆ ಕೆಲಸ ಹಚ್ಚಿದ್ದಾರೆ. ಮರಾಠಿ ಮರ್ಯಾದೆಗೆ, ಕನ್ನಡ ಸತ್ಯಕ್ಕೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬೀಗರ ಮನೆಯಲ್ಲಿ ಏನು ಕೇಳಿದರೂ ‘ಬರಂ ಹಾಯ್’. ಮನೆಗೆ ಬಂದು ಸೆರಗು ಕೊಡವಿ ಕೂತ ಮೇಲೆ ಬರುವುದು ಕನ್ನಡ. ಆ ಕನ್ನಡ ಎರಡು ದಿನಗಳ ನಂತರ ಗಡಹಿಂಗ್ಲಜದಿಂದ ಫೋನಿನಲ್ಲಿ ಬಂತು: “ಮಗಳ, ರೊಟ್ಟಿ ಕಡದ್ನಿ, ಒಸಡಿ ಕಿತ್ತ ಹೋಗೂವಂಗ ಆತು. ಇವು ಹಲ್ಲಲ್ಲ, ಮುಳ್ಳ.” ಹಲ್ಲನ್ನು ಸ್ಟೀಲ್ ಡಬ್ಬಿಗೆ ಹಾಕಿ ಜಗಲಿಯ ಮೇಲೆ ದೇವರ ಪಕ್ಕದಲ್ಲಿಟ್ಟಿದ್ದರಂತೆ. ಇನ್ನು ಅವನ ಭಾರ ಎಂಬಂತೆ.

ಮತ್ತೆ ಕರೆಸಿದೆ. ಮತ್ತೆ ಡಾಕ್ಟರು, ಮತ್ತೆ ನೀಲಿ ಕಾಗದ, ಮತ್ತೆ ಟಾರ್ಚು ಹಿಡಿದ ನಾನು, ಮತ್ತೆ ಎರಡು ಸಾಸಿವೆ, ಮತ್ತೆ ‘ಬರಂ ಹಾಯ್’. ಮತ್ತೆ ಗಡಹಿಂಗ್ಲಜಕ್ಕೆ ಹೋದ ಮೇಲೆ ಮುಳ್ಳು. ಹೀಗೆ ಮೂರು ಸಲ. ಬಸ್ಸಿನ ಕಂಡಕ್ಟರನಿಗೆ ಅತ್ತೆಯ ಹಲ್ಲಿನ ಪೂರ್ತಿ ಇತಿಹಾಸ ಬಾಯಿಪಾಠವಾಯಿತು. ಡಾಕ್ಟರಮ್ಮ ಪಾಪ ತಮ್ಮ ಕೆಲಸವನ್ನೇ ಅನುಮಾನಿಸತೊಡಗಿದರು. ನಾನು ಮೊದಲು ಹಲ್ಲನ್ನು ಅನುಮಾನಿಸಿದೆ, ಆಮೇಲೆ ಒಸಡನ್ನು, ಆಮೇಲೆ ಸಜ್ಜೆಯನ್ನು. ಮನೆಯಲ್ಲಿ ಸುರೇಖಾಳ ಮಾತು ದಿನೇ ದಿನೇ ಚೂಪಾಗುತ್ತ ಹೋಯಿತು. “ಕಾರಖಾನಿಯೊಳಗ ಹಿಂಗ ಸೆಟ್ಟಿಂಗ್ ಮಾಡ್ತೀರೇನ್ರಿ? ಹಂಗಾರ ನೀವು ಮಾಡಿದ ಗಾಡಿ ಸಾಮಾನ ಯಾವ ಗಾಡಿಗಿ ಹಾಕ್ತಾರ ಒಂದ್ಸಲ ಹೇಳಿಬಿಡ್ರಿ. ಆ ಗಾಡ್ಯಾಗ ನಾವು ಕುಂಡ್ರೂದ ಬ್ಯಾಡ.” ಭೋಗಿಗೆ ಹದಿನೈದು ದಿನ ಉಳಿದಿತ್ತು.

ತಲೆ ಕೆಟ್ಟು ಒಂದು ಭಾನುವಾರ ಇಚಲಕರಂಜಿಗೆ ಹೋದೆ. ಅಲ್ಲಿ ಅತ್ತೆಯ ಕಿರಿಯ ಮಗ ಬಾಳಪ್ಪ ಆರು ಪವರ್‌ಲೂಮು ಇಟ್ಟುಕೊಂಡಿದ್ದಾನೆ. ನಮ್ಮ ಈ ಕಡೆ ಅಕ್ಕನ ಗಂಡನಿಗೆ ಮರಾಠಿಯವರ ಹಾಗೆ ‘ದಾಜಿ’ ಎನ್ನುವ ರೂಢಿ. ಮಗ್ಗಗಳ ಖಟಖಟದ ನಡುವೆ ಅವನು ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ: “ದಾಜಿ! ನಂದೂ ಹಿಂಗ ಐತ್ರಿ! ಆ ಮೂಲಿ ಮಗ್ಗ ನೋಡ್ರಿ. ನಾ ಮುಂದ ನಿಂತ್ರ ದಾರ ಹರ್ಯಾಂಗಿಲ್ಲ. ಈ ಕಡೆ ತಿರುಗಿ ಚಾ ಬಾಯಾಗ ಇಡೂತನಾ ಪಟ್ ಅಂತೈತಿ!”

“ಮಗ್ಗಕ್ಕ ಮಾಲಕ ಗುರ್ತ ಸಿಗ್ತಾನೇನೋ?” ಎಂದೆ.

“ಮಗ್ಗಕ್ಕ ಅಲ್ರಿ, ನಡಸಾಂವಗ! ನಾ ನಿಂತ್ರ ಅಂವ ಹಗೂರಕ ನಡಸ್ತಾನ. ಹಗೂರಕ ನಡಸಿದ್ರ ಎಲ್ಲಾ ಮಗ್ಗ ಛಲೋನ ನಡೀತಾವು!”

ನೋಡಿ, ಉತ್ತರವನ್ನು ಅವನು ನನ್ನ ಕಿವಿಯೊಳಗೇ ಕೂಗಿದ್ದ. ನಾನು ಸೆಟ್ಟರ್ ಆದದ್ದರಿಂದ ಅದರಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡೆ. ಹಗುರಾಗಿ ನಡೆಸಿದರೆ ಎಲ್ಲ ಸರಿ. ಭಾರ ಬಿದ್ದಾಗ ಕೆಡುತ್ತದೆ! ಅಂದರೆ ಖಾಲಿ ಬಾಯಿಗೆ ಕಾಗದ ಇಟ್ಟು ನೋಡಿದರೆ ಉಪಯೋಗವಿಲ್ಲ. ಲೋಡು ಕೊಟ್ಟು ನೋಡಬೇಕು. ಬಸ್ಸಿನಲ್ಲಿ ಮರಳಿ ಬರುವಾಗ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಅತ್ತೆಯನ್ನು ನಾಲ್ಕನೆಯ ಸಲ ಕರೆಸಿದೆ. ಬರುವಾಗ ಸೊಸೆಯ ಕೈಯಿಂದ ಮಾಡಿಸಿದ ನಾಲ್ಕು ಕಡಕ್ ರೊಟ್ಟಿ, ಶೇಂಗಾ ಚಟ್ನಿ ತರಬೇಕೆಂದು ಹೇಳಿ ಕಳಿಸಿದೆ. ಡಾಕ್ಟರಮ್ಮ ತಮ್ಮ ಟ್ರೇಯಲ್ಲಿ ಔಷಧಿಗಳನ್ನು ಸರಿಸಿ ರೊಟ್ಟಿ ಇಟ್ಟುಕೊಂಡದ್ದು ಪ್ರಾಯಶಃ ಅವರ ವೃತ್ತಿಜೀವನದಲ್ಲಿ ಅದೇ ಮೊದಲು. ಅವರೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು, ತಪಾಸಣೆಗೆಂದು.

“ಅತ್ತಿಯವರ, ಜೋರ್ ಕಡೀರಿ!” ಎಂದು ನಾನು ಟಾರ್ಚು ಎತ್ತಿದೆ.

ಅತ್ತೆ ಸೆರಗಿನ ಗುಡಾರದೊಳಗೆ ರೊಟ್ಟಿಯ ತುಂಡನ್ನು ಒಯ್ದರು. ಗುಬ್ಬಿ ಕಾಳು ಹೆಕ್ಕಿದಂಥ ಒಂದು ಸದ್ದು ಬಂತು. ಅಷ್ಟೇ. ತುಂಡನ್ನು ಬಾಯಲ್ಲೇ ನೆನೆಸುತ್ತಿದ್ದಾರೆಂದು ನನಗೂ ತಿಳಿಯಿತು. “ಬರಂ ಹಾಯ್,” ಎಂದರು.

ನಾನು ಬಗ್ಗಿದೆ. “ಇನ್ನೂ ಜೋರ್ರಿ! ಕಬ್ಬು ಕಡದಂಗ!”

ಆಗ ಸುರೇಖಾ ಮೂಲೆಯ ಸ್ಟೂಲಿನಿಂದ ಎದ್ದಳು. “ರೀ, ಒಂದ್ ಮಾತ ಕೇಳ್ತೇನಿ, ಖರೇ ಹೇಳ್ರಿ. ನಮ್ಮ ಮದಿವ್ಯಾಗಿ ಇಪ್ಪತ್ತೆರಡ ವರ್ಷ ಆತು. ನಮ್ಮವ್ವ ಊಟಾ ಮಾಡೂದನ್ನ ನೀವು ಒಂದ್ ದಿನಾ ನೋಡೀರೇನು?”

“ಇದೇನ್ ಪ್ರಶ್ನೆ ಅಂತ ಕೇಳ್ತಿ! ನೋಡೇನಿ. ನಿಮ್ಮ ಹೊಲದಾಗ, ಹಸರ ಸೀರಿ ಉಟ್ಕೊಂಡ…”

“ಆಕಿ ನಮ್ಮ ಸಣ್ಣ ಅತ್ತಿ, ನಮ್ಮಪ್ಪನ ತಂಗಿ. ಮುರಗೂಡಕ್ಕ ಕೊಟ್ಟಾರಲಾ, ಆಕಿ. ಕಬ್ಬ ಕಡದಾಕಿ ಆಕಿ. ಅವ್ವ ಅವತ್ತ ಹೊಲಕ್ಕ ಬಂದ ಇರಲಿಲ್ಲ, ನಿಮಗ ಹೋಳಿಗಿ ಮಾಡ್ಕೋತ ಮನ್ಯಾಗ ಕುಂತಿದ್ಲು. ದಸರಾದಾಗ ಹೇಳಬೇಕಂದ್ನಿ, ಮಂದ್ಯಾಗ ಯಾಕಂತ ಬಿಟ್ನಿ. ಅಳಿಯನ ಮುಂದ ಬಾಯಿ ತಗದ ನಮ್ಮವ್ವ ನೀರ ಸುದ್ದಾ ಕುಡದಾಕಿ ಅಲ್ಲ. ಅಂಥಾಕಿಗಿ ನೀವು ಬಾಯಾಗ ಬ್ಯಾಟರಿ ಬಿಟ್ಟ ‘ಕಡೀರಿ, ಕಡೀರಿ’ ಅಂದ್ರ ಹೆಂಗ ಕಡೀಬೇಕ್ರಿ?”

ನಾನು ನೆನಪಿನಲ್ಲಿ ಹುಡುಕಿದೆ. ಅತ್ತೆ ಬಡಿಸುತ್ತಿರುವುದು ಸಿಕ್ಕಿತು. ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತಿರುವುದು ಸಿಕ್ಕಿತು. ನಾನು ಸಾಕೆಂದರೂ ಸುರೇಖಾಳ ಕೈಯಿಂದ ಇನ್ನೊಂದು ಹೋಳಿಗೆ ಹಾಕಿಸುತ್ತಿರುವುದು ಸಿಕ್ಕಿತು. ಇಪ್ಪತ್ತೆರಡು ವರ್ಷಗಳ ಊಟಗಳಲ್ಲಿ ಅತ್ತೆಯ ಬಾಯಿಗೆ ಒಂದು ತುತ್ತು ಹೋಗುತ್ತಿರುವುದು ಎಲ್ಲೂ ಸಿಗಲಿಲ್ಲ. ನನ್ನ ಬಳಿ ಇದ್ದದ್ದು ಒಂದೇ ಚಿತ್ರ, ಅದರಲ್ಲೂ ಹಲ್ಲು ಬೇರೆಯವರದು. ಅತ್ತೆ ಪ್ರತಿ ಸಲವೂ, ಮೇಣದ ಮೇಲೆ ಕಚ್ಚಿದ ಆ ದಿನದಿಂದಲೂ, ಅಳಿಯನೆದುರಿಗೆ ಕಚ್ಚಬೇಕಾದಷ್ಟೇ ಕಚ್ಚಿದ್ದರು: ತುಟಿ ಬಿಡದೆ, ದವಡೆ ಮುಂದಕ್ಕೆ ಜಾರಿಸಿ, ಮುಂದಿನ ಹಲ್ಲಿನ ತುದಿಯಿಂದ ಎರಡು ಸಾಸಿವೆ. ಡಾಕ್ಟರಮ್ಮ ಆ ಮರ್ಯಾದೆಯ ಕಚ್ಚಿಗೆ ಸರಿಯಾಗಿ ಒಂದು ಅಪ್ಪಟ ಸೆಟ್ ತಯಾರಿಸಿಕೊಟ್ಟಿದ್ದರು. ಅವರ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅತ್ತೆ ಮನೆಗೆ ಹೋಗಿ, ಅಡುಗೆಮನೆಯ ಗೋಡೆಗೆ ಮುಖ ಮಾಡಿ, ಮನುಷ್ಯರು ಜಗಿಯುವ ಹಾಗೆ ಜಗಿದಾಗ ಅದು ಮುಳ್ಳಾಗದೆ ಇನ್ನೇನಾದೀತು?

ಡಾಕ್ಟರಮ್ಮ ನನ್ನತ್ತ ತಿರುಗಿ ಬಹಳ ಗೌರವದಿಂದ, “ಜಾವಯ್‌ಬಾಪು, ತುಮ್ಹೀ ಜರಾ ಬಾಹೇರ್ ಥಾಂಬಾ,” ಎಂದರು. ಅಳಿಯಂದಿರೇ, ನೀವು ಸ್ವಲ್ಪ ಹೊರಗೆ ನಿಲ್ಲಿ. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಸೆಟ್ಟಿಂಗ್ ನಡೆಯುವಾಗ ನಾನು ಎಷ್ಟೋ ಜನರನ್ನು ಹೊರಗೆ ನಿಲ್ಲಿಸಿದ್ದೇನೆ. ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಅವತ್ತೇ ತಿಳಿದದ್ದು. ಮಬ್ಬುಗಾಜಿನ ಬಾಗಿಲು ಮುಚ್ಚಿತು. ರಸ್ತೆಯಲ್ಲಿ ಒಬ್ಬ ಕಬ್ಬಿನ ಟ್ರ್ಯಾಕ್ಟರು ನಡೆಸಿಕೊಂಡು ಹಾಡು ಹಾಕಿಕೊಂಡು ಹೋದ. ನಾನು ಟಾರ್ಚನ್ನು ಆರಿಸಿ ಜೇಬಿಗೆ ಹಾಕಿದೆ. ಒಳಗೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಸೆರಗು ಕೊಡವಿದ ಸಪ್ಪಳದಂಥದ್ದೇನೋ ಆಯಿತು. ಅದರ ಹಿಂದೆಯೇ ‘ಕಟ್!’

ಬರೆದರೆ ಎರಡಕ್ಷರ. ಆದರೆ ಅದನ್ನು ಕೇಳಿ ನನ್ನ ಮೈಮೇಲೆ ಮುಳ್ಳೆದ್ದಿತು. ಅದು ಗುಬ್ಬಿಯ ಸದ್ದಲ್ಲ, ಹಿರಿಯ ಹೆಣ್ಣುಮಗಳೊಬ್ಬಳು ರೊಟ್ಟಿಯೊಂದನ್ನು ಸೋಲಿಸಿದ ಸದ್ದು. ಕೂಡಲೇ “ಅಯ್ಯಯ್ಯ, ಇಲ್ಲಿ ನೋಡವಾ, ಇಲ್ಲಿ ಹಿಡೀತೈತಿ, ಬಲಕ್, ಹಿಂದ!” ಎಂಬ ಕನ್ನಡವೂ ಕೇಳಿಬಂತು. ಕ್ಲಿನಿಕ್ಕಿನಲ್ಲಿ ಕನ್ನಡ! ಸುರೇಖಾ ಅದನ್ನು ಮರಾಠಿ ಮಾಡಿ ಹೇಳುತ್ತಿದ್ದಳು, ಡಾಕ್ಟರಮ್ಮ “ಅಸ್ಸಂ! ಅಸ್ಸಂ!” ಹೀಗೋ, ಹೀಗೋ ಎಂದು ಉತ್ಸಾಹದಿಂದ ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ, ನೀಲಿ ಕಾಗದವನ್ನೂ ಕಚ್ಚಿಸಿ, ಅವರು ಬಾಗಿಲನ್ನು ಒಂದಿಷ್ಟೇ ಸರಿಸಿ, ಕೆಳಗಿನ ಸೆಟ್ಟನ್ನು ಹೊರಗೆ ಹಿಡಿದು ತೋರಿಸಿದರು. ಸಾಸಿವೆಯಲ್ಲ, ಹಿಂದಿನ ಹಲ್ಲುಗಳೆಲ್ಲ ಅಡ್ಡಾದಿಡ್ಡಿ ನೀಲಿ ನೀಲಿ. ಮೂರು ತಿಂಗಳ ಸತ್ಯವೆಲ್ಲ ಒಂದೇ ಕಚ್ಚಿಗೆ ಅಲ್ಲಿ ಬಿದ್ದಿತ್ತು. ಅವತ್ತೇ ಹೊಸದಾಗಿ ಮೇಣದ ಮೇಲೆ ಕಚ್ಚಿಸಿಕೊಂಡು, ಕೆಳಗಿನ ಸಾಲನ್ನು ಬಿಚ್ಚಿ ಮತ್ತೆ ಕೂರಿಸಲು ಲ್ಯಾಬಿಗೆ ಕಳಿಸಿದರು. ಮುಂದಿನ ವಾರ ಅದು ಬಂದಾಗ ನಾನು ಯಾರೂ ಹೇಳದೆಯೇ ಹೊರಗೆ ನಿಂತೆ. ಓಣಿಯ ಪರಿಚಯದವರು ಯಾಕೆ ನಿಂತಿದ್ದೀರಿ ಎಂದು ಕೇಳಿದರೆ, “ಒಳಗ ಸೆಟ್ಟಿಂಗ್ ನಡದೈತಿ,” ಎಂದೆ. ಅವರು ಏನು ತಿಳಿದುಕೊಂಡರೋ, ಗಂಭೀರವಾಗಿ ತಲೆಯಾಡಿಸಿ ಹೋದರು.

ಭೋಗಿಯ ದಿನ ಬಾಳಪ್ಪನ ಗಾಡಿಯಲ್ಲಿ ಅತ್ತೆ ಸ್ವತಃ ಬಂದಿಳಿದರು. ಅವರ ತೊಡೆಯ ಮೇಲೆ, ಮೊಮ್ಮಗುವನ್ನು ಕೂರಿಸಿಕೊಂಡ ಹಾಗೆ, ಬಿಳಿ ಧೋತರದ ಗಂಟು. ನಾನೂ ಬಾಳಪ್ಪನೂ ಮೊದಲು ಊಟಕ್ಕೆ ಕುಳಿತೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆ ಗಜ್ಜರಿ ಅವರೆ ಎಲ್ಲ ಕೂಡಿದ ಭೋಗಿಯ ಪಲ್ಯ, ಬೆಣ್ಣೆ. ಆ ರುಚಿಯನ್ನು ವರ್ಣಿಸಲು ಹೋಗುವುದಿಲ್ಲ. ಎರಡು ವರ್ಷ ಕಾದವನ ನಾಲಗೆಯ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಒಪ್ಪಲಾರದು. ನಾವು ಎದ್ದ ಮೇಲೆ ಹೆಂಗಸರು ಅಡುಗೆಮನೆಯಲ್ಲಿ ಕುಳಿತರು. ನಾನು ಹೊರಗೆ ಕುರ್ಚಿಯಲ್ಲಿ ಪೇಪರು ಹಿಡಿದುಕೊಂಡೆ. ಮತ್ತು ಅದು ಶುರುವಾಯಿತು. ಕಟ್. ಕರ್‌ರ್ ಕರ್‌ರ್ ಕರ್‌ರ್. ಕಟ್. ಕರ್‌ರ್ ಕರ್‌ರ್. ಸೆಟ್ಟರನಾದವನು ಯಂತ್ರವನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ನೋಡುತ್ತಾನೆ. ಲಯ ಎಲ್ಲೂ ತಪ್ಪಲಿಲ್ಲ, ಎಲ್ಲೂ ಎಡವಲಿಲ್ಲ. ಬಾಳಪ್ಪ ನನ್ನ ಮೊಣಕೈ ತಿವಿದು, “ದಾಜಿ, ಮಗ್ಗ ಚಾಲೂ ಆತ ನೋಡ್ರಿ! ದಾರ ಹರೀವಲ್ದು!” ಎಂದ. ಇಬ್ಬರೂ ಗೆದ್ದ ಪೈಲ್ವಾನರಂತೆ ಕೈ ಕುಲುಕಿಕೊಂಡೆವು.

ಅಲ್ಲಿಗೇ ಸುಮ್ಮನೆ ಕೂತಿದ್ದರೆ ಈ ಪ್ರಬಂಧ ನನ್ನ ಗೆಲುವಿನೊಂದಿಗೆ ಮುಗಿಯುತ್ತಿತ್ತು. ಆದರೆ ತಾನು ಮಾಡಿಸಿದ ಕೆಲಸವನ್ನು ಒಮ್ಮೆಯಾದರೂ ಕಣ್ಣಾರೆ ಕಾಣದೆ ಯಾವ ಸೆಟ್ಟರನಿಗೆ ಊಟ ಅರಗುತ್ತದೆ? ನೀರಿನ ನೆಪ ಮಾಡಿಕೊಂಡು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ನನ್ನ ನೆರಳು ಹೊಸ್ತಿಲ ಮೇಲೆ ಬಿದ್ದ ಕ್ಷಣವೇ, ಕರೆಂಟು ಹೋದ ಹಾಗೆ, ಎಲ್ಲ ನಿಂತುಹೋಯಿತು. ಅತ್ತೆ ಗೋಡೆಗೆ ಮುಖ ಮಾಡಿ, ಸೆರಗಿನೊಳಗೆ, ತುತ್ತು ಬಾಯಲ್ಲಿಟ್ಟುಕೊಂಡು ಕಲ್ಲಾಗಿದ್ದರು. ಯಂತ್ರಕ್ಕೆ ಕೈ ಚಾಚಿದ ಮಾಲೀಕರನ್ನು ನಾನು ಒಮ್ಮೆ ನೋಡಿದ್ದೆನಲ್ಲ, ಸುರೇಖಾ ನನ್ನನ್ನು ಹಾಗೆ ನೋಡಿದಳು. ನಾನು ಬಾಯಾರಿಕೆಯಿಲ್ಲದ ನೀರು ಕುಡಿದು ತಿರುಗಿದೆ. ಆಗ ಹಿಂದಿನಿಂದ, ಗೋಡೆಗೆ ಹೇಳಿದ ಹಾಗೆ, ಅತ್ತೆಯ ದನಿ ಬಂತು:

“ಅಳಿಯಂದ್ರಿಗಿ ಹೇಳವಾ, ಹಲ್ಲ ಭಾಳ ಛಲೋ ಕುಂತಾವಂತ.”

ಅದನ್ನು ಅವರು ಕನ್ನಡದಲ್ಲಿ ಹೇಳಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆಯಿಂದ ನನಗೆ ಸಿಕ್ಕ ಅತಿ ದೊಡ್ಡ ಬಹುಮಾನ ಅದು. ಈಗಲೂ ಸೋಮವಾರದ ಚಹಾದ ಹೊತ್ತಿಗೆ ಕಾರ್ಖಾನೆಯಲ್ಲಿ ಈ ಕೇಸನ್ನು ವರ್ಣಿಸುತ್ತೇನೆ, ನೀಲಿ ಕಾಗದ, ಲೋಡು ಟೆಸ್ಟು ಎಲ್ಲವನ್ನೂ. ಬಾಗಿಲ ಹೊರಗೆ ನಿಂತ ಭಾಗವನ್ನು ಮಾತ್ರ ಹೊತ್ತು ಸಾಲದೆ ಬಿಟ್ಟುಬಿಡುತ್ತೇನೆ. ಹಾಗೆ ಹೇಳುತ್ತ ಹೇಳುತ್ತ, ಮಬ್ಬುಗಾಜಿನ ಒಳಗೆ ಟಾರ್ಚು ಹಿಡಿದು ನಿಂತವನು ನಾನೇ ಎಂದು ನನಗೇ ನೆನಪಾಗತೊಡಗಿದೆ.

ಆ ಭೋಗಿಯ ದಿನ ನಾನು ಕುರ್ಚಿಗೆ ಮರಳುವ ಮೊದಲು ಒಮ್ಮೆ ತಿರುಗಿ ನೋಡಿದೆ. ಸುರೇಖಾ ರಂಗೋಲಿಯ ಬಟ್ಟಲಿನಿಂದ ಒಂದು ಚಿಟಿಕೆ ಪುಡಿ ತೆಗೆದು, ಅಡುಗೆಮನೆಯ ಹೊಸ್ತಿಲಿನ ಈಚೆ, ಈ ಗೋಡೆಯಿಂದ ಆ ಗೋಡೆಗೆ, ಬೆಳ್ಳನೆಯ ಒಂದು ಗೆರೆ ಎಳೆಯುತ್ತಿದ್ದಳು. ಕೈ ನಡುಗದೆ, ನೇರವಾಗಿ ಎಳೆದಳು. ನಾನು ಕುರ್ಚಿಯನ್ನು ನಾಲ್ಕು ಅಡಿ ಹಿಂದಕ್ಕೆ ಸರಿಸಿಕೊಂಡು ಕೂರುವುದರೊಳಗೆ ಒಳಗೆ ಮತ್ತೆ ಚಾಲೂ ಆಗಿತ್ತು.